ರಾಗಿ ದಿಂಬಿನ ಮೇಲೆ ಕೂತ ಶನಿದೇವರ ಕಥೆ

2016ರ ಶ್ರಾವಣ. ನಾಗಸಂದ್ರಕ್ಕೆ ಮೆಟ್ರೊ ಬಂದು ಒಂದು ವರ್ಷವಾಗಿತ್ತು. ನಮ್ಮ ಮನೆ ಅಲ್ಲೇ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ, ಹಳೇ ಊರಿನ ಬೀದಿಯಲ್ಲಿ. ಸುತ್ತಮುತ್ತ ಏನೆಲ್ಲ ಕಟ್ಟಡ ಎದ್ದರೂ ನಮ್ಮ ಬೀದಿಯ ಭಜನೆ ಮನೆ ಮಾತ್ರ ಇದ್ದ ಜಾಗದಲ್ಲೇ ಇದೆ. ಶ್ರಾವಣದ ಕೊನೆಯ ಶನಿವಾರ ಅಲ್ಲಿ ಶನಿದೇವರ ಕಥೆ ಓದಿಸುವ ಪದ್ಧತಿಯೂ ಹಾಗೇ ಇದೆ. ಆ ವರ್ಷದ ಆ ಶನಿವಾರ ನಡೆದದ್ದನ್ನು ನಾನು ಯಾರಿಗೆ ಹೇಳಿದರೂ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಇಲ್ಲೂ ಹಾಗೇ ಬರೆಯುತ್ತಿದ್ದೇನೆ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಥೆ ಓದುವವರು ನನ್ನ ಮಾವ. ಆಗ ಅವರಿಗೆ ಎಪ್ಪತ್ತೆಂಟು. ಹಿಂದೆ ಸೊಪ್ಪು ಬೆಳೆದು ಯಶವಂತಪುರದ ಮಾರ್ಕೆಟ್ಟಿಗೆ ಹಾಕುತ್ತಿದ್ದವರು. ಸ್ಕೂಲಿಗೆ ಹೋದದ್ದು ಕಡಿಮೆ, ಆದರೆ ಕಥೆ ಓದುವುದನ್ನು ಅವರಪ್ಪನಿಂದ ಕಲಿತಿದ್ದರು. ಮೈಕ್ ಇಲ್ಲದಿದ್ದರೂ ಅವರ ದನಿ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು. ಮನೆತನದ ನಿಯಮಗಳೂ ದನಿಯಷ್ಟೇ ಗಟ್ಟಿ. ಭಜನೆ ಮನೆಯಲ್ಲಿ ಪುಸ್ತಕ ಒಮ್ಮೆ ಕೈಗೆ ಎತ್ತಿದರೆ ಮಂಗಳಾರತಿ ಆಗುವ ತನಕ ಕೆಳಗೆ ಇಳಿಸುವ ಹಾಗಿಲ್ಲ. ಓದು ನಡುವೆ ನಿಲ್ಲುವ ಹಾಗಿಲ್ಲ. ಓದುವವರನ್ನು ಬಿಟ್ಟು ಬೇರೆಯವರು ಪುಸ್ತಕ ಮುಟ್ಟುವ ಹಾಗಿಲ್ಲ. ಕೇಳುವವರು ಎದ್ದು ಹೋಗುವ ಹಾಗೂ ಇಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮೇಲಿನ ಹಾಲು ಉಕ್ಕೀತು ಎಂದು ಕಥೆಯ ಮಧ್ಯೆ ಎದ್ದು ಓಡಿದ್ದೆ. ಅದಕ್ಕೆ ಅವರು ಎಷ್ಟೋ ದಿನ ನನ್ನ ಕೈಯ ಕಾಫಿ ಕುಡಿಯಲಿಲ್ಲ.

ನನ್ನದು ಹೊಲಿಗೆ ಕೆಲಸ. ತವರಿನಿಂದ ತಂದ, ಕಾಲಲ್ಲಿ ತುಳಿಯುವ ಮಿಷನ್ನು ಮುಂದಿನ ಕೋಣೆಯಲ್ಲಿದೆ. ಬ್ಲೌಸು, ಲಂಗ, ಸೀರೆಗೆ ಫಾಲ್ಸು ಹೊಲಿಯುತ್ತೇನೆ. ನನ್ನ ಕೈ ಚೆನ್ನಾಗಿದೆ, ಬಾಯಿ ಸ್ವಲ್ಪ ಜೋರು. ಮಾವನಿಗೂ ಈ ಮಿಷನ್ನಿಗೂ ಮೊದಲಿಂದ ಆಗುತ್ತಿರಲಿಲ್ಲ. ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತದೆ ಎನ್ನುತ್ತಿದ್ದರು. ಅದನ್ನಾದರೂ ಸಹಿಸಬಹುದು, ಆದರೆ ಶನಿವಾರ ಮಿಷನ್ ಮುಟ್ಟುವುದೇ ನಿಷೇಧ. "ಕಬ್ಬಿಣ ಶನಿದೇವ್ರುದು ಕಣಮ್ಮ. ಶನ್ವಾರ ತುಳಿಯಂಗಿಲ್ಲ" ಎಂದು ಮದುವೆಯಾದ ವಾರವೇ ಹೇಳಿಬಿಟ್ಟಿದ್ದರು. ಶುಕ್ರವಾರ ಸಂಜೆ ಮಿಷನ್ನಿಗೆ ಹಳೇ ಸೀರೆ ಮುಚ್ಚಿದರೆ ಭಾನುವಾರ ಬೆಳಿಗ್ಗೆಯೇ ತೆಗೆಯುವುದು. ಮದುವೆ ಸೀಸನ್ನಿನಲ್ಲಿ ಗಿರಾಕಿಗಳು ಬಾಗಿಲಲ್ಲಿ ನಿಂತು ಗೋಗರೆಯುವಾಗ ಆ ಸೀರೆ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೀರಿ ನಡೆದವಳಲ್ಲ, ಗೊಣಗದೆ ಬಿಟ್ಟವಳೂ ಅಲ್ಲ.

ಹಿಂದಿನ ವರ್ಷದ ಶ್ರಾವಣದಲ್ಲಿ ಒಂದು ಅನಾಹುತವಾಗಿತ್ತು. ಮಾವನಿಗೆ ಕೈ ನಡುಕ ಶುರುವಾಗಿ ಕೆಲವು ತಿಂಗಳಾಗಿತ್ತು. ಲೋಟ ಹಿಡಿದರೆ ಕಾಫಿ ಚೆಲ್ಲುತ್ತಿತ್ತು. ವಯಸ್ಸಿನ ನಡುಕ, ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದಿದ್ದರು ಡಾಕ್ಟರು. ಆದರೂ ಭಜನೆ ಮನೆಯಲ್ಲಿ ಓದಲು ಕೂತರು. ಕಥೆಯಲ್ಲಿ ರಾಜನಿಗೆ ಶನಿ ಹಿಡಿದು ಕೈಕಾಲು ಹೋಗುವ ಘಟ್ಟ ಬರುತ್ತದೆ. ಸರಿಯಾಗಿ ಅಲ್ಲಿಗೆ ಬಂದಾಗ ಮಾವನ ಕೈ ಜೋರಾಗಿ ನಡುಗಿತು. ಪುಸ್ತಕ ಜಾರಿ ದೀಪದ ಪಕ್ಕದಲ್ಲೇ ನೆಲಕ್ಕೆ ಬಿತ್ತು. ಕೂತವರೆಲ್ಲ "ಅಯ್ಯೋ" ಎಂದರು. ಕೊನೆಗೆ ಮಾವನ ಚಿಕ್ಕಪ್ಪನ ಮಗ ಗಂಗಣ್ಣ ತನ್ನ ಪುಸ್ತಕ ತಂದು ಉಳಿದದ್ದನ್ನು ಓದಿ ಮುಗಿಸಿದ.

ಅದಾಗಿ ಕೆಲವೇ ದಿನಕ್ಕೆ ಬೀದಿಯವರೊಬ್ಬರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಪುಸ್ತಕ ಬಿದ್ದದ್ದರಿಂದಲೇ ಹೀಗಾಯಿತು ಎಂದು ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಂಡರು. ನಾನು ಕೊಡ ಕೆಳಗಿಟ್ಟು "ಅವರ ಸ್ಕೂಟರಿಗೆ ಬ್ರೇಕ್ ಇಲ್ಲದೆ ಆರು ತಿಂಗಳಾಗಿತ್ತು, ಅದನ್ನೂ ನಮ್ಮ ಮಾವನೇ ಕೆಡಿಸಿದ್ರಾ?" ಎಂದು ಕೇಳಿ ಬಂದೆ. ನನ್ನ ಬಾಯಿಗೆ ಹೆದರಿ ಅವರು ಸುಮ್ಮನಾದರು. ಆದರೆ ಮಾವನ ಕಿವಿಗೆ ಆ ಮಾತು ಬಿದ್ದಾಗಿತ್ತು.

ಆಮೇಲೆ ಅವರ ಪುಸ್ತಕ ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ದೇವರ ಗೂಡಿನಲ್ಲಿ ಕೂತಿತು. ಮಾವ ಮನೆಯಲ್ಲೂ ದನಿ ಎತ್ತುವುದನ್ನು ಬಿಟ್ಟರು. ಮಿಷನ್ನಿನ ಸದ್ದಿಗೂ ಬೈಯುತ್ತಿರಲಿಲ್ಲ. ಬೈಯಲಿ ಎಂದು ನಾನೇ ಒಮ್ಮೆ ಅವರು ಮಲಗಿದ್ದಾಗ ಬೇಕೆಂದೇ ಜೋರಾಗಿ ತುಳಿದೆ. ಪಕ್ಕಕ್ಕೆ ತಿರುಗಿ ಮಲಗಿದರೇ ಹೊರತು ಒಂದು ಮಾತಾಡಲಿಲ್ಲ. ಆವತ್ತು ನನಗೆ ನಿಜವಾಗಿ ಭಯವಾಯಿತು.

2016ರ ಆಷಾಢ ಮುಗಿಯುತ್ತಾ ಬಂದಿತ್ತು. ಈ ಸಲದ ಕಥೆ ಗಂಗಣ್ಣನದೇ ಎಂದು ಊರಿನಲ್ಲಿ ಮಾತಾಗಿತ್ತು. ಒಂದು ಮಧ್ಯಾಹ್ನ ನಾನು ಬ್ಲೌಸಿನ ಗುಂಡಿಗಳಿಗೆ ಕಾಜಾ ಮಾಡುತ್ತಾ ಕೂತಿದ್ದೆ. ಮಾವ ಜಗಲಿಯಲ್ಲಿ ಪೇಪರು ಹಿಡಿದು ಮೆಲ್ಲಗೆ, ಕಥೆಯ ರಾಗದಲ್ಲಿ ಓದುತ್ತಿದ್ದರು. ಓದುತ್ತಿದ್ದದ್ದು ನೀರು ಸರಬರಾಜಿನ ಸುದ್ದಿ. ಪೇಪರು ಕೈಯಲ್ಲಿ ಗಡಗಡ ಅಲುಗುತ್ತಿತ್ತು. ಸಾಲು ತಪ್ಪಿತು, ಮತ್ತೆ ಹುಡುಕಿದರು, ಮತ್ತೆ ತಪ್ಪಿತು. ಪೇಪರು ಪಕ್ಕಕ್ಕಿಟ್ಟು ತಮ್ಮ ಎರಡು ಕೈಗಳನ್ನೂ ನೋಡುತ್ತಾ ಕೂತುಬಿಟ್ಟರು.

"ಮಾವ, ಈ ಸಲ ನೀವೇ ಓದಿ" ಎಂದೆ.

"ಕೈ ನನ್ ಮಾತು ಕೇಳಲ್ಲ ಜಯಮ್ಮ."

"ಬಾಯಿ ಕೇಳುತ್ತಾ?"

"ಬಾಯ್ಗೇನು ಕೇಡು? ಚೆನ್ನಾಗೇ ಐತೆ."

"ಹಾಗಾದ್ರೆ ಕೈ ಕೆಲಸ ನನಗೆ ಬಿಡಿ. ನೀವು ಬಾಯಿ ನೋಡ್ಕೊಳಿ."

ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ, ಮೀಸೆ ಮಾತ್ರ ಅಲುಗಿತು. ನನ್ನ ಯಜಮಾನರು ಸಂಜೆ ಬಂದು ವಿಷಯ ಕೇಳಿ ಸುಲಭದ ದಾರಿ ಹೇಳಿದರು. ಪುಸ್ತಕ ಇಡುವ ಮರದ ಪೀಠ ಅಂಗಡಿಯಲ್ಲಿ ಸಿಗುತ್ತದಲ್ಲ, ಅದನ್ನೇ ತಂದರಾಯಿತು ಎಂದು. ಮಾವ ಕೇಳಲೇ ಇಲ್ಲ. ಪೀಠದ ಮೇಲಿಟ್ಟರೆ ಪುಸ್ತಕ ಇಳಿಸಿದ ಹಾಗೆ. ಅವರಪ್ಪ, ಅವರ ತಾತ ಎಲ್ಲ ಮೈಗೆ ತಾಗಿಸಿಕೊಂಡೇ ಓದಿದವರು. ಸಾಲದ್ದಕ್ಕೆ ಮಂಡಿ ನೋವಿನಿಂದ ಅವರು ಕುರ್ಚಿಯ ಮೇಲೆ ಕೂರಬೇಕಿತ್ತು, ನೆಲದ ಪೀಠದ ಅಕ್ಷರ ಅವರ ಕಣ್ಣಿಗೆ ನಿಲುಕುವುದಿಲ್ಲ. ಹಾಗಾದರೆ ಪುಸ್ತಕ ಮೈಮೇಲೇ ಇರಬೇಕು, ಕೈಯಲ್ಲಿ ಇರಬಾರದು. ಸರಿ, ತೊಡೆಯ ಮೇಲೆ ಕೂರುವಂಥ ದಿಂಬು ಹೊಲಿಯುತ್ತೇನೆ, ಅದರ ಮೇಲೆ ಪುಸ್ತಕ ನಿಲ್ಲಿಸುತ್ತೇನೆ ಎಂದು ಲೆಕ್ಕ ಹಾಕಿದೆ.

ಮೊದಲನೆಯದು ಹೊಲಿದಾಗ ನಾನು ಬಹಳ ಬುದ್ಧಿವಂತೆ ಎಂದುಕೊಂಡಿದ್ದೆ. ಬಟ್ಟೆ ದಪ್ಪ ಇರಬೇಕು, ಗಟ್ಟಿ ಇರಬೇಕು. ಶನಿದೇವರಿಗೆ ಕಪ್ಪು, ನೀಲಿ ಪ್ರೀತಿ. ಯಜಮಾನರ ಹಳೇ ಜೀನ್ಸ್ ಪ್ಯಾಂಟು ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು, ಕಡುನೀಲಿ ಬಣ್ಣದ್ದು. ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ಕತ್ತರಿಸಿ, ಒಳಗೆ ಸ್ಪಂಜು ತುಂಬಿ, ಓದುವವರ ಕಡೆ ತಗ್ಗಾಗಿ ಆಚೆ ಕಡೆ ಎತ್ತರವಾಗಿ ಇಳಿಜಾರು ದಿಂಬು ಮಾಡಿದೆ. ಪುಸ್ತಕ ಜಾರದಂತೆ ಕೆಳಗಿನ ಅಂಚಿಗೆ ಬೆರಳು ದಪ್ಪದ ಪಟ್ಟಿ ಕೊಟ್ಟೆ. ಮಾವನ ಮುಂದೆ ಹಿಡಿದೆ. ಅವರು ತಿರುಗಿಸಿ ನೋಡಿದರು. ಹಿಂಭಾಗದಲ್ಲಿ ಪ್ಯಾಂಟಿನ ಜೇಬು ಹಾಗೇ ಇತ್ತು. ಹೊಲಿಗೆ ಬಿಚ್ಚಿದರೆ ಬಟ್ಟೆ ತೂತಾಗುತ್ತದೆ, ಕನ್ನಡಕ ಇಡುವುದಕ್ಕೂ ಆಯಿತು ಎಂದು ನಾನೇ ಬಿಟ್ಟಿದ್ದೆ.

"ಇದೇನಮ್ಮ ಇದು? ನನ್ ಮಗನ್ ಪ್ಯಾಂಟಲ್ವಾ?"

"ಒಗೆದಿದ್ದೀನಿ ಮಾವ."

"ಒಗುದ್ರೆ? ಅವ್ನು ಕುಂತ್ಕಂಡಿರೋ ಜಾಗದ್ ಮ್ಯಾಲೆ ಶನಿದೇವ್ರುನ್ನ ಕುಂಡ್ರುಸ್ತೀಯಾ? ನಂಗೆ ಇಡ್ದಿರೋ ಶನಿ ಸಾಲ್ದಾ?"

ಒಂದು ವರ್ಷದ ಮೇಲೆ ಮೊದಲ ಸಲ ಅವರು ನನಗೆ ಬೈದದ್ದು. ಬೀದಿಯ ಆ ತುದಿಗೆ ಕೇಳಿಸಿತು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಳಗೆ ಹೋಗಿ ನಕ್ಕೆ. ಯಜಮಾನರು ಮಾತ್ರ "ಅದು ಇನ್ನೂ ಹಾಕ್ಕೊಳೋ ಪ್ಯಾಂಟ್ ಕಣೇ" ಎಂದು ಬಹಳ ಹೊತ್ತು ಮುಖ ಊದಿಸಿಕೊಂಡಿದ್ದರು.

ಮಾರನೆಯ ದಿನವೇ ಬಸ್ಸು ಹತ್ತಿ ಯಶವಂತಪುರಕ್ಕೆ ಹೋಗಿ ಹೊಸ ಕಪ್ಪು ಬಟ್ಟೆ ತಂದೆ, ದಪ್ಪ ಹತ್ತಿಯದು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಲ್ಲೇ ನಿಂತಿತ್ತು. ಆ ಹೊತ್ತಿನಲ್ಲಿ ತೊಡೆಯ ಮೇಲೆ ಬಟ್ಟೆ ಮಡಚಿಟ್ಟು, ಅದರ ಮೇಲೆ ಟಿಕೆಟ್ ಇಟ್ಟು, ಕೈ ಅಲುಗಿಸಿ ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದಾಕೆ ಎದ್ದು ಬೇರೆ ಸೀಟಿಗೆ ಹೋದಳು.

ಬಟ್ಟೆಯದೇನೋ ಬಗೆಹರಿಯಿತು. ಒಳಗೆ ಏನು ತುಂಬುವುದು ಎನ್ನುವುದೇ ತಲೆನೋವು. ಸ್ಪಂಜು ತುಂಬಿದರೆ ಮಾವನ ಕೈ ಒಂದು ಸಲ ನಡುಗಿದರೆ ದಿಂಬು ಎರಡು ಸಲ ಕುಣಿಯುತ್ತಿತ್ತು. ಹತ್ತಿ ತುಂಬಿದೆ. ಪುಸ್ತಕ ಹೂತು ಹೋಗಿ ಅಕ್ಷರ ಕಾಣಿಸಲಿಲ್ಲ. ಬಟ್ಟೆ ಚೂರು ತುಂಬಿದೆ, ಒಂದು ಕಡೆ ಗಂಟು, ಒಂದು ಕಡೆ ಹಳ್ಳ. ಬಿಚ್ಚುವುದು ಹೊಲಿಯುವುದು, ಬಿಚ್ಚುವುದು ಹೊಲಿಯುವುದು. ಬ್ಲೌಸಿಗೆ ಬಂದವರು ಬೈದುಕೊಂಡು ಹೋದರು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನೂ ಪುಸ್ತಕದ್ದೇ ತಪ್ಪು, ಅದಕ್ಕೆ ಇಷ್ಟು ಭಾರದ ರಟ್ಟು ಯಾಕೆ ಹಾಕಿಸಿದರೋ ಎಂದು ಗೊಣಗಿದೆ.

ದಾರಿ ತೋರಿಸಿದ್ದು ಎದುರು ಮನೆಯ ಕೂಸು. ಅಲ್ಲಿ ಬಾಣಂತನ ನಡೆಯುತ್ತಿತ್ತು. ಮಗುವಿನ ಅಂಗಿ ಹೊಲಿದು ಕೊಡಲು ಹೋದಾಗ ಕೂಸು ತೊಟ್ಟಿಲಲ್ಲಿ ಅಳುತ್ತಾ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿತ್ತು. ತಲೆಯ ಕೆಳಗಿನ ದಿಂಬು ಮಾತ್ರ ಅಲುಗಲಿಲ್ಲ. ತಲೆ ಎತ್ತಿದರೆ ಅಲ್ಲೊಂದು ಗುಂಡಿ, ಮತ್ತೆ ಇಟ್ಟರೆ ಅದೇ ಗುಂಡಿಯಲ್ಲಿ ಹಿಡಿದಿಟ್ಟ ಹಾಗೆ ನಿಲ್ಲುತ್ತಿತ್ತು. ರಾಗಿ ದಿಂಬು! ತಲೆ ಗುಂಡಗಾಗಲಿ ಎಂದು ನಮ್ಮ ಕಡೆ ಎಳೆಗೂಸಿಗೆ ರಾಗಿ ತುಂಬಿದ ದಿಂಬು ಹಾಕುವುದು ಯಾರಿಗೆ ಗೊತ್ತಿಲ್ಲ? ನನ್ನ ಮಗಳಿಗೂ ನಾನೇ ಹೊಲಿದಿದ್ದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಗಿತ್ತು ನನ್ನ ಕಥೆ. ಅಂಗಿ ಅಲ್ಲೇ ಬಿಸಾಕಿ ಮನೆಗೆ ಓಡಿ ಬಂದೆ.

ರಾಗಿ ತೊಳೆದು ಬಿಸಿಲಿಗೆ ಒಣಗಿಸಿ, ಕಪ್ಪು ಬಟ್ಟೆಯ ಚೀಲಕ್ಕೆ ತುಂಬಿ, ಹಳೆಯ ಇಳಿಜಾರಿನ ಲೆಕ್ಕದಲ್ಲೇ ಹೊಲಿದೆ. ಅಂಚಿಗೆ ಪಟ್ಟಿ, ಎರಡು ಬದಿಗೆ ಹಾಳೆ ಹಾರದಂತೆ ಸಡಿಲವಾದ ಎಲಾಸ್ಟಿಕ್, ಹಿಂದಿನಿಂದ ಸೊಂಟಕ್ಕೆ ಕಟ್ಟಲು ಲಾಡಿ. ಲಾಡಿ ಕಟ್ಟಿದರೆ ಪುಸ್ತಕ ಮೈಮೇಲೆ ಇದ್ದ ಹಾಗೇ ಆಯಿತಲ್ಲ. ಮಾವ ಬಹಳ ಹೊತ್ತು ಮೂಸಿ ಮುಟ್ಟಿ ನೋಡಿದರು. "ರಾಗಿನಾ? ರಾಗಿಯಾದ್ರೆ ಆಗ್ಬೋದು. ಅನ್ನ ಕೊಡೋ ಕಾಳಿಗೆ ಮೈಲ್ಗೆ ಇಲ್ಲ" ಎಂದರು. ಕಟ್ಟಿಕೊಂಡು ಕೂತು, ಮೊದಲು ಒಂದು ಹಳೇ ಪಂಚಾಂಗ ಇಟ್ಟು ಓದಿದರು. ಕೈ ನಡುಗಿತು. ನಡುಕ ರಾಗಿಯೊಳಗೆ ಇಳಿದು ಅಲ್ಲೇ ಇಂಗಿಹೋಯಿತು. ಪಂಚಾಂಗ ಮಿಸುಕಲಿಲ್ಲ. ಹಾಳೆ ತಿರುಗಿಸುವುದಕ್ಕೂ ಅವರೇ ಉಪಾಯ ಕಂಡುಕೊಂಡರು. ಈಗ ಎರಡು ಕೈಯೂ ಖಾಲಿ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡರೆ ಬೆರಳು ಹಾಳೆಯನ್ನು ಹಿಡಿಯುತ್ತಿತ್ತು.

ಸುದ್ದಿ ಗಂಗಣ್ಣನಿಗೆ ಮುಟ್ಟಿತು. ಅವನು ಕೆಟ್ಟವನಲ್ಲ, ಆದರೆ ಒಂದು ವರ್ಷದಿಂದ ಸಿಕ್ಕ ಮರ್ಯಾದೆ ಬಿಡಲು ಯಾರಿಗೆ ಮನಸ್ಸಾಗುತ್ತದೆ? ಬಂದವನೇ ದಿಂಬು ನೋಡಿ ನಕ್ಕ.

"ಅಣ್ಣ, ಮಗೀನ ದಿಂಬು ಕಟ್ಕಂಡು ಕಥೆ ಓದೀಯಾ? ಜನ ನಗಲ್ವಾ?"

"ನಗ್ಲಿ ಬಿಡು. ಹೋದ್ ವರ್ಷ ಅಯ್ಯೋ ಅಂದಿದ್ರಲ್ಲ, ಈ ವರ್ಷ ನಗ್ಲಿ" ಎಂದರು ಮಾವ.

"ಮತ್ತೆ ಮಧ್ಯದಾಗೆ ಓದು ನಿಂತ್ರೆ? ಊರ್‌ಗೇ ಒಳ್ಳೇದಲ್ಲ ಅಣ್ಣ. ನನ್ ಮ್ಯಾಲೆ ಕೋಪ ಮಾಡ್ಕಬ್ಯಾಡ."

ಅವನ ಮಾತಿನಲ್ಲಿ ಊರಿನ ಭಯವೂ ಇತ್ತು. ಮಾವ ಹೇಳಿದರು: "ನೀನು ನಿನ್ ಪುಸ್ತಕ ಇಡ್ಕಂಡು ನನ್ ಪಕ್ಕದಲ್ ಕುಂತ್ಕ. ನಾನು ನಿಂತ್ರೆ, ನಿಂತ ಕಡೆಯಿಂದ ನೀನು ಓದು. ಆಮ್ಯಾಕೆ ನಾನು ಈ ಜನ್ಮದಾಗೆ ಪುಸ್ತಕ ಎತ್ತಲ್ಲ. ಸರೀನಾ?"

ಅವರು ಪಂದ್ಯಕ್ಕೆ ಇಟ್ಟದ್ದು ಅವರ ಬದುಕಿನಲ್ಲಿ ಅವರಿಗೆ ಉಳಿದಿದ್ದ ಒಂದೇ ಒಂದು ಸಂತೋಷವನ್ನು, ಅದೂ ನನ್ನ ಹೊಲಿಗೆಯ ಮೇಲೆ.

ಆ ಶನಿವಾರ ಬಂತು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಓದು ಶುರುವಾದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಂಗಳಾರತಿ. ಬೆಳಿಗ್ಗೆ ಮಾವ ತಲೆಗೆ ಎಳ್ಳೆಣ್ಣೆ ಹಚ್ಚಿ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಒಂದು ಸಲ ಕೂತು ನೋಡೋಣ ಎಂದು ದಿಂಬು ಕಟ್ಟಿಸಿಕೊಂಡರು. ದೇವರ ಗೂಡಿನಿಂದ ಪುಸ್ತಕ ತೆಗೆದು ಅದರ ಮೇಲಿಟ್ಟರು. ಇಷ್ಟು ದಿನ ಅಭ್ಯಾಸ ಮಾಡಿದ್ದೆಲ್ಲ ಹಗುರದ ಪಂಚಾಂಗದಲ್ಲಿ. ಇದು ರಟ್ಟು ಕಟ್ಟಿಸಿದ ಭಾರದ ಪುಸ್ತಕ. ಎರಡು ಹಾಳೆ ತಿರುಗಿಸಿದರೋ ಇಲ್ಲವೋ, ಕೆಳಗಿನ ಪಟ್ಟಿಯ ಹೊಲಿಗೆ ಪರ್‍ರೆಂದು ಬಿಟ್ಟುಕೊಂಡಿತು. ಪುಸ್ತಕ ಜಾರಿತು. ಮಾವ ಎರಡು ಮೊಣಕೈಯಲ್ಲಿ ಅಪ್ಪಿ ಹಿಡಿದುಕೊಂಡರು. ರಾಗಿ ಕಾಳು ನೆಲಕ್ಕೆಲ್ಲ ಚೆಲ್ಲಿತು.

ನಾನು ಸೂಜಿ ದಾರ ತಂದು ಕೈಹೊಲಿಗೆ ಹಾಕಲು ಕೂತೆ. ಮೊದಲನೆಯ ಸೂಜಿ ಬಾಗಿತು. ದಬ್ಬಣ ಹಾಕಿದರೆ ಅದು ಮಾಡಿದ ತೂತಿನಿಂದ ಕಾಳು ಉದುರಿತು. ಅಷ್ಟು ಪದರದ ದಪ್ಪ ಬಟ್ಟೆಗೆ ಒತ್ತೊತ್ತಾಗಿ ಹೊಲಿಗೆ ಬೀಳಬೇಕು, ಅದು ಮಿಷನ್ನಿನಿಂದ ಮಾತ್ರ ಆಗುವ ಕೆಲಸ. ಮಿಷನ್ನು ಪಕ್ಕದಲ್ಲೇ ಇತ್ತು, ಹಳೇ ಸೀರೆ ಮುಚ್ಚಿಕೊಂಡು. ನಾನು ಅದರ ಕಡೆ ನೋಡಲಿಲ್ಲ. ನೋಡಿದರೆ ಅತ್ತುಬಿಡುತ್ತೇನೆ ಅನ್ನಿಸಿತು.

ಯಜಮಾನರು ಮೆಲ್ಲಗೆ ಹೇಳಿದರು: "ಅಪ್ಪ, ಮೇನ್ ರೋಡಲ್ಲಿ ಟೈಲರ್ ಅಂಗಡಿ ತೆಗೆದಿರುತ್ತೆ. ಗಾಡೀಲಿ ಹೋಗಿ ಹೊಲಿಸ್ಕೊಂಡ್ ಬಂದ್‌ಬಿಡ್ತೀನಿ."

ಮಾವ ಮಗನನ್ನು ದುರುಗುಟ್ಟಿ ನೋಡಿದರು. "ಯಾಕೆ, ಅವ್ನ್ ಮಿಸನ್ನೇನು ಚಿನ್ನದ್ದಾ? ಅದೂ ಕಬ್ಬಿಣವೇ ಅಲ್ವೇನೋ?"

ಅಂದವರಿಗೆ ತಮ್ಮ ಮಾತು ತಮಗೇ ಕೇಳಿಸಿದ ಹಾಗಾಯಿತು. ನೆಲದ ಮೇಲಿನ ರಾಗಿ ಕಾಳನ್ನು ನೋಡಿದರು. ನನ್ನ ಬೆರಳಿಗೆ ದಬ್ಬಣ ಚುಚ್ಚಿ ರಕ್ತ ಬಂದಿತ್ತು, ಅದನ್ನೂ ನೋಡಿದರು. ಆಮೇಲೆ ಎದ್ದು ಹೋಗಿ ಮಿಷನ್ನಿನ ಮೇಲಿನ ಸೀರೆಯನ್ನು ನಡುಗುವ ಕೈಯಿಂದ ತಾವೇ ಎಳೆದು ತೆಗೆದರು.

"ತುಳಿಯಮ್ಮ."

"ಮಾವ, ಶನಿವಾರ..."

"ಗೊತ್ತು ಕಣಮ್ಮ, ನಾನೇನ್ ಕುರುಡ್ನಾ? ಕಬ್ಬಿಣ ಶನಿದೇವ್ರುದೇ ತಾನೆ? ಅವ್ನ್ ಕಬ್ಬಿಣ, ಅವ್ನ್ ಕಥೆ, ಅವ್ನ್ ಕೆಲ್ಸ. ಅದ್ರಲ್ಲಿ ನಂದೇನು ನಿಂದೇನು? ತುಳಿ."

ಇಷ್ಟು ವರ್ಷದಲ್ಲಿ ನಾನು ಎಷ್ಟು ಸಾವಿರ ಹೊಲಿಗೆ ಹಾಕಿದ್ದೇನೋ, ಆವತ್ತಿನ ಹಾಗೆ ಯಾವತ್ತೂ ಹಾಕಿಲ್ಲ. ಕಣ್ಣು ಮಂಜಾಗುತ್ತಿತ್ತು, ಕಾಲು ಮಾತ್ರ ತಪ್ಪಲಿಲ್ಲ. ಒಂದರ ಪಕ್ಕ ಒಂದು ಸಾಲು ಓಡಿಸಿ, ಮೂಲೆಗಳಲ್ಲಿ ಹಿಂದೆ ಮುಂದೆ ತುಳಿದು ಬಿಗಿ ಮಾಡಿದೆ. ಮಾವ ಪಕ್ಕದಲ್ಲೇ ನಿಂತು, ಅವರಿಗೆ ಆಗದ ಆ ಸದ್ದನ್ನು ಕೊನೆಯವರೆಗೂ ಕೇಳಿದರು.

ಭಜನೆ ಮನೆ ತುಂಬಿತ್ತು. ಹಿಂದಿನ ವರ್ಷ ಬಂದವರೆಲ್ಲ ಬಂದಿದ್ದರು, ಬರದಿದ್ದವರೂ ಬಂದಿದ್ದರು. ಏನಾಗುತ್ತದೋ ನೋಡೋಣ ಎನ್ನುವ ಕುತೂಹಲ ದೇವರ ಭಕ್ತಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಮಾವ ಕುರ್ಚಿಯಲ್ಲಿ ಕೂತು ಸೊಂಟಕ್ಕೆ ದಿಂಬು ಕಟ್ಟಿಸಿಕೊಂಡಾಗ ಯಾರೋ ಕಿಸಕ್ಕೆಂದರು. ಗಂಗಣ್ಣ ಪಕ್ಕದಲ್ಲಿ ತನ್ನ ಪುಸ್ತಕ ಬಿಚ್ಚಿಕೊಂಡು ಕೂತ. ಎಳ್ಳೆಣ್ಣೆ ದೀಪ ಹಚ್ಚಿದರು. ಮಾವ ಪುಸ್ತಕ ಎತ್ತಿ ಕಣ್ಣಿಗೊತ್ತಿಕೊಂಡು ದಿಂಬಿನ ಮೇಲಿಟ್ಟು ಓದಲು ಶುರು ಮಾಡಿದರು.

ಮೊದಲು ದನಿ ಸಣ್ಣಗಿತ್ತು. ಒಂದು ವರ್ಷ ಬಳಸದ ಗಂಟಲು. ಆಮೇಲೆ ತಾನಾಗಿ ಬಿಚ್ಚಿಕೊಂಡಿತು. ಗಂಗಣ್ಣ ತನ್ನ ಪುಸ್ತಕದಲ್ಲಿ ಬೆರಳಿಟ್ಟು ಸಾಲು ಸಾಲು ಹಿಂಬಾಲಿಸುತ್ತಿದ್ದ. ನಾನು ಕಥೆ ಕೇಳಲಿಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಕಣ್ಣು ಆ ಅಂಚಿನ ಪಟ್ಟಿಯ ಮೇಲಿತ್ತು. ಪ್ರತಿ ಸಲ ಹಾಳೆ ತಿರುಗಿದಾಗಲೂ ನನ್ನ ಜೀವ ಹೋಗಿ ಬರುತ್ತಿತ್ತು.

ರಾಜನ ಕೈಕಾಲು ಹೋಗುವ ಘಟ್ಟ ಹತ್ತಿರ ಬಂತು. ಅದು ಎಲ್ಲರಿಗೂ ಗೊತ್ತಿತ್ತು. ಕೆಮ್ಮುವವರು ಕೆಮ್ಮು ನಿಲ್ಲಿಸಿದರು. ಗಂಗಣ್ಣ ಕನ್ನಡಕ ಸರಿ ಮಾಡಿಕೊಂಡು ತಯಾರಾದ. ಮಾವನ ಕೈ ನಡುಗತೊಡಗಿತು, ಬೆರಳಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ. ಹಿಂದಿನ ವರ್ಷಕ್ಕಿಂತ ಜೋರಾಗಿ. ಮುಂದೆ ಕೂತಿದ್ದ ಒಬ್ಬಾಕೆ ಬಾಯಿಗೆ ಸೆರಗು ಇಟ್ಟುಕೊಂಡಳು.

ಆಗ ಮಾವ ಪುಸ್ತಕದಿಂದ ಎರಡು ಕೈಯನ್ನೂ ತೆಗೆದುಬಿಟ್ಟರು.

ತೆಗೆದು ಎದೆಯ ಹತ್ತಿರ ಜೋಡಿಸಿದರು, ದೇವರಿಗೆ ಮುಗಿಯುವ ಹಾಗೆ. ಜೋಡಿಸಿದ ಕೈ ಗಡಗಡ ನಡುಗುತ್ತಲೇ ಇತ್ತು. ಪುಸ್ತಕ ಮಾತ್ರ ಕಲ್ಲಿನ ಹಾಗೆ ಕೂತಿತ್ತು. ಅವರ ದನಿ ಒಂದಕ್ಷರ ಎಡವಲಿಲ್ಲ. ರಾಜನ ಗೋಳನ್ನು ಅವರು ಆ ದಿನ ಓದಿದ ಹಾಗೆ ಹಿಂದೆ ಯಾವತ್ತೂ ಓದಿರಲಿಲ್ಲ. ಯಾರಿಗೆ ಕೈ ಹೋಯಿತು, ಯಾರು ಓದುತ್ತಿದ್ದಾರೆ ಎನ್ನುವುದೇ ಮರೆತುಹೋಯಿತು. ಕಿಸಕ್ಕೆಂದವರೂ ಕಣ್ಣೊರೆಸಿಕೊಂಡರು. ಗಂಗಣ್ಣ ತನ್ನ ಪುಸ್ತಕ ಮುಚ್ಚಿ, ಪಕ್ಕಕ್ಕಿಟ್ಟು, ಕೈ ಮುಗಿದು ಕೂತು ಕಥೆ ಕೇಳತೊಡಗಿದ.

ಶನಿದೇವರು ಒಲಿದು ರಾಜನಿಗೆ ಕಳೆದುಕೊಂಡದ್ದೆಲ್ಲ ಮರಳಿ ಬಂತು. ಮಂಗಳಾರತಿಯಾಯಿತು. ಕಡಲೆಕಾಳು ಉಸಲಿ, ಬಾಳೆಹಣ್ಣಿನ ರಸಾಯನ ಹಂಚುತ್ತಿದ್ದ ಗದ್ದಲದಲ್ಲಿ ಗಂಗಣ್ಣ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳುವ ಹಾಗೆ ಹೇಳಿದ: "ಜಯಮ್ಮ, ನಂಗೂ ಕತ್ತು ನೋವು ಕಣಮ್ಮ. ಬಗ್ಗಿ ಬಗ್ಗಿ ಪೇಪರ್ ಓದಕ್ಕಾಗಲ್ಲ. ಒಂದು ದಿಂಬು..." "ಮಗೀನ ದಿಂಬಾ ಚಿಕ್ಕಮಾವ?" ಎಂದೆ. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ! ಅವನು ಗೊಳ್ಳೆಂದು ನಕ್ಕುಬಿಟ್ಟ. ನಾನೂ ನಕ್ಕೆ.

ಕಥೆ ಮುಗಿದ ಮೇಲೆ ಪುಸ್ತಕದ ಮೇಲೆ ಏರಿಸಿದ ಹೂವನ್ನು ಓದಿದವರು ಮನೆಗೆ ತಂದು ದೇವರ ಗೂಡಿನಲ್ಲಿ ಇಡುವುದು ವಾಡಿಕೆ. ಮಾವ ಹೂವು ಹಿಡಿದು ಮನೆಯೊಳಗೆ ಬಂದರು. ದೇವರ ಗೂಡಿನ ಕಡೆ ಹೋಗದೆ ಮುಂದಿನ ಕೋಣೆಯಲ್ಲೇ ನಿಂತರು. ಆ ಹೂವನ್ನು ನನ್ನ ಮಿಷನ್ನಿನ ಮೇಲಿಟ್ಟರು. ಕೈ ನಡುಗಿ ಎರಡು ಎಸಳು ಕೆಳಗೆ ಬಿತ್ತು, ಅದನ್ನೂ ಬಗ್ಗಿ ಎತ್ತಿಟ್ಟರು.

"ಓದಿದ್ದು ನಾನು. ಇಡ್ಕಂಡಿದ್ದು ಇದು" ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಹೊಸ ಕಾನೂನು ಹೇಳಿದರು: "ಓದೋರ ದಿಂಬಾದ್ರೆ ಇನ್ ಮ್ಯಾಲೆ ಶನ್ವಾರಾನೂ ತುಳಿ. ರವ್ಕೆ ಗಿವ್ಕೆ ಆದ್ರೆ ಬ್ಯಾಡ."

ನಾನು ಅಡುಗೆ ಮನೆಗೆ ಹೋಗಿ ಮನಸ್ಸು ತೃಪ್ತಿಯಾಗುವಷ್ಟು ಅತ್ತೆ. ಗೆದ್ದವರೂ ಅಳುತ್ತಾರೆ ಎಂದು ನನಗೆ ಗೊತ್ತಾದದ್ದು ಆವತ್ತು.

ಆಮೇಲೆ ಗಂಗಣ್ಣನ ದಿಂಬು ನೋಡಿ ಒಬ್ಬರು, ಅವರದು ನೋಡಿ ಇನ್ನೊಬ್ಬರು ಬಂದರು. ಕೈ ಸೋತವರು, ಕತ್ತು ಸೋತವರು, ಹಾಸಿಗೆಯಲ್ಲೇ ಇರುವವರು. 2018ರಲ್ಲಿ ಒಂದು ಶನಿವಾರ ಆರ್.ಟಿ. ನಗರದಿಂದ ನಿವೃತ್ತ ಮೇಷ್ಟ್ರೊಬ್ಬರನ್ನು ಅವರ ಸೊಸೆ ಕರೆದುಕೊಂಡು ಬಂದಿದ್ದಳು. ಮೇಷ್ಟ್ರಿಗೆ ಕಣ್ಣು ಮಂಜು, ಪುಸ್ತಕದ ಅಕ್ಷರ ಕಾಣುವುದಿಲ್ಲ. ಮೊಮ್ಮಗಳು ಕೊಟ್ಟ ಟ್ಯಾಬಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು, ಮಲಗಿ ಓದುತ್ತಾರೆ. ನಿದ್ದೆ ಬಂದರೆ ಅದು ನೇರ ಮೂಗಿನ ಮೇಲೆ ಬೀಳುತ್ತದೆ. "ನೋಡಮ್ಮ, ಈ ಮೂಗಿಗೆ ಪೆನ್ಷನ್ ಬೇರೆ ಕೊಡಬೇಕು" ಎಂದು ಮೂಗಿನ ಮೇಲಿನ ಗಾಯ ತೋರಿಸಿದರು.

ನಾನು ಇಕ್ಕಟ್ಟಿಗೆ ಬಿದ್ದೆ. ಶನಿವಾರ ಓದುವವರ ದಿಂಬು ಹೊಲಿಯಬಹುದು, ಆದರೆ ಟ್ಯಾಬು ಪುಸ್ತಕವೇ? ಜಗಲಿಯಲ್ಲಿ ಕೂತಿದ್ದ ಮಾವನನ್ನು ಕೇಳಿದೆ. ಅವರು ಅದನ್ನು ತರಿಸಿ ತಮ್ಮ ರಾಗಿ ದಿಂಬಿನ ಮೇಲೆ ಇಟ್ಟುಕೊಂಡರು. ಮೇಷ್ಟ್ರು ಬೆರಳಿಂದ ಹಿಗ್ಗಿಸಿ ಅಕ್ಷರ ದೊಡ್ಡದು ಮಾಡಿ ತೋರಿಸಿದರು. ಮಾವ ಬಗ್ಗಿ, ಕಣ್ಣು ಕಿರಿದು ಮಾಡಿ, ಎರಡು ಸಾಲನ್ನು ಕಥೆಯ ರಾಗದಲ್ಲೇ ಜೋರಾಗಿ ಓದಿದರು.

"ಅಕ್ಷರ ಐತಲ್ಲಮ್ಮ ಇದ್ರಾಗೂ. ತುಳಿ" ಎಂದರು.

ಈಗ ಮಾವನಿಗೆ ಎಂಬತ್ತು ದಾಟಿದೆ. ಕೈ ಇನ್ನೂ ನಡುಗುತ್ತದೆ, ಶ್ರಾವಣದ ಕಥೆ ಇನ್ನೂ ಅವರದೇ. ಬ್ಲೌಸಿನವರು ಶನಿವಾರ ಬಂದರೆ ನಾನೇ "ನಾಳೆ ಬನ್ರೀ" ಎಂದು ವಾಪಸು ಕಳಿಸುತ್ತೇನೆ, ಗೊಣಗದೆ. ಆದರೆ ಒಂದೊಂದು ಶನಿವಾರ ನಮ್ಮ ಮನೆಯಿಂದ ಮಿಷನ್ನಿನ ಸದ್ದು ಕೇಳಿಸುತ್ತದೆ. ಬೀದಿಯವರಿಗೆಲ್ಲ ಅದರ ಅರ್ಥ ಗೊತ್ತು. ಎಲ್ಲೋ ಒಬ್ಬರು, ಇನ್ನು ಆಗುವುದಿಲ್ಲ ಎಂದು ಕೈಬಿಟ್ಟಿದ್ದವರು, ಮತ್ತೆ ಓದಲು ಕೂರುತ್ತಿದ್ದಾರೆ.